ಇಂಗ್ಲಿಷ್ ವಾಕ್ಯಗಳಲ್ಲಿ ಪದಕಾರ್ಯ ನಿರ್ಣಯ: ಕಾರಕ ಪರಿಕಲ್ಪನೆಯ ನೆಲೆಯಿಂದ ಒಂದು ಪರಿಶೀಲನೆ

1. ಪೀಠಿಕೆ

ವಾಕ್ಯವೊಂದರಲ್ಲಿ ಯಾವ ಪದ ಅಥವಾ ಪದಪುಂಜವು ಯಾವ ಕಾರ್ಯವನ್ನು ನಿರ್ವಹಿಸುತ್ತದೆ ಎಂಬುದನ್ನು ನಿರ್ಣಯಿಸುವುದು ವಾಕ್ಯವಿಶ್ಲೇಷಣೆಯ ಮೊದಲ ಹೆಜ್ಜೆ. ಕನ್ನಡದಲ್ಲಿ ಈ ನಿರ್ಣಯಕ್ಕೆ ವಿಭಕ್ತಿಪ್ರತ್ಯಯಗಳು ಬಹುಮಟ್ಟಿಗೆ ನೆರವಾಗುತ್ತವೆ. ಇಂಗ್ಲಿಷಿನಲ್ಲಿ ನಾಮಪದಗಳಿಗೆ ಷಷ್ಠಿಗೆ ಸಮಾನವಾದ ಒಂದು ರೂಪವನ್ನು ಬಿಟ್ಟರೆ ಬೇರೆ ವಿಭಕ್ತಿರೂಪಗಳು ಉಳಿದಿಲ್ಲ. ಆದ್ದರಿಂದ ಕನ್ನಡ ವ್ಯಾಕರಣದ ಹಿನ್ನೆಲೆಯಿಂದ ಇಂಗ್ಲಿಷ್ ವಾಕ್ಯವನ್ನು ಪ್ರವೇಶಿಸುವ ವಿದ್ಯಾರ್ಥಿಯು ಪರಿಚಿತವಾದ ಗುರುತುಗಳಿಲ್ಲದ ಪ್ರದೇಶವೊಂದನ್ನು ಎದುರಿಸಬೇಕಾಗುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳಲು ಆತ ಸಾಮಾನ್ಯವಾಗಿ ಅರ್ಥದ ಮೊರೆಹೋಗುತ್ತಾನೆ: ಕೆಲಸ ಮಾಡಿದವನು ಕರ್ತೃ, ಕೆಲಸದ ಫಲಕ್ಕೆ ಒಳಗಾದುದು ಕರ್ಮ ಎಂದು ತೀರ್ಮಾನಿಸುತ್ತಾನೆ. ಸರಳ ವಾಕ್ಯಗಳಲ್ಲಿ ಈ ಮಾರ್ಗ ಸರಿಯಾದ ಉತ್ತರವನ್ನೇ ಕೊಡುತ್ತದೆ. ವಾಕ್ಯ ಸ್ವಲ್ಪ ಜಟಿಲವಾದೊಡನೆ ಅದು ದಾರಿ ತಪ್ಪಿಸುತ್ತದೆ.

ಈ ತೊಡಕಿನ ಮೂಲ ವಿದ್ಯಾರ್ಥಿಯ ಅಜಾಗರೂಕತೆಯಲ್ಲಿಲ್ಲ, ಪರಿಭಾಷೆಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇಂಗ್ಲಿಷ್ ವ್ಯಾಕರಣದ ‘ಸಬ್ಜೆಕ್ಟ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಕರ್ತೃ’ ಅಥವಾ ‘ಕರ್ತೃಪದ’ ಎಂಬ ಸಂವಾದಿಯನ್ನು ಬಳಸುವುದು ರೂಢಿಯಾಗಿದೆ. ಆದರೆ ಕರ್ತೃ ಎಂಬುದು ಕಾರಕದ ಹೆಸರು. ಸಬ್ಜೆಕ್ಟ್ ಎಂಬುದು ವಾಕ್ಯರಚನೆಯಲ್ಲಿನ ಒಂದು ಸ್ಥಾನದ ಹೆಸರು. ಇವೆರಡೂ ಹಲವು ವಾಕ್ಯಗಳಲ್ಲಿ ಒಂದೇ ಪದದಲ್ಲಿ ಕೂಡಿಬರುತ್ತವೆ ಎಂಬ ಮಾತ್ರಕ್ಕೆ ಒಂದೇ ಆಗಲಾರವು. ಈ ವ್ಯತ್ಯಾಸವನ್ನು ಸ್ಪಷ್ಟವಾಗಿಡುವ ಸಲುವಾಗಿ ಮುಂದಿನ ಚರ್ಚೆಯಲ್ಲಿ ಸಬ್ಜೆಕ್ಟ್, ಆಬ್ಜೆಕ್ಟ್ ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕರ್ತೃ, ಕರ್ಮ ಮೊದಲಾದವನ್ನು ಕಾರಕಗಳಿಗೆ ಮಾತ್ರ ಬಳಸಲಾಗಿದೆ.

2. ಪದವರ್ಗ ಮತ್ತು ಪದಕಾರ್ಯ

ಮೊದಲು ಬೇರ್ಪಡಿಸಬೇಕಾದ ಎರಡು ಸಂಗತಿಗಳೆಂದರೆ ಪದವರ್ಗ ಮತ್ತು ಪದಕಾರ್ಯ. ಪದವು ಯಾವ ಜಾತಿಗೆ ಸೇರಿದೆ ಎಂಬುದು ಪದವರ್ಗ. ನಿರ್ದಿಷ್ಟ ವಾಕ್ಯದಲ್ಲಿ ಅದು ಏನನ್ನು ಮಾಡುತ್ತಿದೆ ಎಂಬುದು ಪದಕಾರ್ಯ. ಕೆಳಗಿನ ವಾಕ್ಯಗಳಲ್ಲಿ ‘ಸಂಡೇ’ ಎಂಬ ಪದವನ್ನು ಗಮನಿಸಬಹುದು:

(1) ಸಂಡೇ ಈಸ್ ಎ ಹಾಲಿಡೇ.
(2) ಹೀ ಹೇಟ್ಸ್ ಸಂಡೇ.
(3) ದೇ ಮೆಟ್ ಲಾಸ್ಟ್ ಸಂಡೇ.
(4) ದಿ ಸಂಡೇ ಮಾರ್ಕೆಟ್ ಈಸ್ ಕ್ಲೋಸ್ಡ್.

ನಾಲ್ಕರಲ್ಲಿಯೂ ‘ಸಂಡೇ’ ನಾಮಪದವೇ. ಆದರೆ (1)ರಲ್ಲಿ ಅದು ಸಬ್ಜೆಕ್ಟ್, (2)ರಲ್ಲಿ ಆಬ್ಜೆಕ್ಟ್, (3)ರಲ್ಲಿ ‘ಲಾಸ್ಟ್’ ಎಂಬುದರೊಡನೆ ಸೇರಿ ಕಾಲವನ್ನು ಸೂಚಿಸುವ ಕ್ರಿಯಾವಿಶೇಷಕ, (4)ರಲ್ಲಿ ಇನ್ನೊಂದು ನಾಮಪದದ ವಿಶೇಷಕ. ನಾಲ್ಕನೆಯ ಬಗೆಯ ಪ್ರಯೋಗದಲ್ಲಿ ನಾಮಪದವು ಗುಣವಾಚಕವಾಗಿ ಮಾರ್ಪಟ್ಟಿದೆ ಎಂದು ಹೇಳುವ ವಾಡಿಕೆ ಶಾಲಾ ವ್ಯಾಕರಣಗಳಲ್ಲಿದೆ. ಆದರೆ ಗುಣವಾಚಕಕ್ಕೆ ಸಹಜವಾದ ‘ವೆರಿ’ಯಂಥ ಪದವನ್ನು ಅದರ ಹಿಂದೆ ಸೇರಿಸಲು ಬರುವುದಿಲ್ಲ, ಹೋಲಿಕೆಯ ರೂಪಗಳೂ ಅದಕ್ಕಿಲ್ಲ. ಬದಲಾದದ್ದು ಕಾರ್ಯವೇ ಹೊರತು ವರ್ಗವಲ್ಲ. ಹಡ್ಲ್‌ಸ್ಟನ್ ಮತ್ತು ಪುಲಮ್ ಅವರು 2002ರಲ್ಲಿ ಪ್ರಕಟಿಸಿದ ಕೇಂಬ್ರಿಜ್ ಇಂಗ್ಲಿಷ್ ವ್ಯಾಕರಣವು ಈ ಎರಡನ್ನು ಉದ್ದಕ್ಕೂ ಬೇರೆಬೇರೆಯಾಗಿ ಇರಿಸಿಕೊಂಡಿರುವುದು ಗಮನಾರ್ಹ. ಕನ್ನಡದಲ್ಲಿ ಇದೇ ನಾಲ್ಕು ಕಾರ್ಯಗಳು ಭಾನುವಾರ, ಭಾನುವಾರವನ್ನು, ಭಾನುವಾರ, ಭಾನುವಾರದ ಎಂದಾಗುತ್ತವೆ. ಎರಡು ಕಡೆ ಪ್ರತ್ಯಯವು ಕಾರ್ಯವನ್ನು ತಿಳಿಸುತ್ತದೆ. ಉಳಿದೆರಡು ಕಡೆ ಕನ್ನಡದಲ್ಲಿಯೂ ಪ್ರತ್ಯಯವಿಲ್ಲ.

ಇನ್ನೊಂದು ಸಂಗತಿಯೂ ಇಲ್ಲಿಯೇ ಪರಿಗಣನೀಯ. ಕಾರ್ಯವನ್ನು ಹೊರುವುದು ಬಿಡಿಪದವಲ್ಲ, ಪದಪುಂಜ. ‘ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಈಸ್ ಗುಡ್’ ಎಂಬ ವಾಕ್ಯದಲ್ಲಿ ಮೊದಲ ಐದು ಪದಗಳೂ ಒಟ್ಟಾಗಿ ಸಬ್ಜೆಕ್ಟ್. ಅದರ ತಲೆಪದ ‘ಕ್ವಾಲಿಟಿ’. ಕನ್ನಡದಲ್ಲಿ ‘ಮಾವಿನಹಣ್ಣುಗಳ ಗುಣಮಟ್ಟ’ ಎನ್ನುವಾಗ ತಲೆಪದವು ಪುಂಜದ ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನ ಇಂಥ ಪುಂಜಗಳಲ್ಲಿ ಅದು ಮೊದಲು ಬಂದು, ಬಹುವಚನದ ‘ಮ್ಯಾಂಗೋಸ್’ ಕ್ರಿಯಾಪದಕ್ಕೆ ತಾಗಿ ನಿಲ್ಲುತ್ತದೆ. ಕನ್ನಡ ವಿದ್ಯಾರ್ಥಿಗಳು ಇಲ್ಲಿ ‘ಆರ್’ ಎಂದು ಬರೆಯುವ ದೋಷಕ್ಕೆ ಈ ಕ್ರಮವ್ಯತ್ಯಾಸವೂ ಒಂದು ಕಾರಣವಾಗಬಲ್ಲದು.

3. ಸಬ್ಜೆಕ್ಟ್ ಮತ್ತು ಕರ್ತೃ

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಅಪಾದಾನ, ಸಂಪ್ರದಾನ, ಕರಣ, ಅಧಿಕರಣ, ಕರ್ಮ, ಕರ್ತೃ ಎಂಬ ಆರು ಕಾರಕಗಳನ್ನು ನಿರೂಪಿಸಲಾಗಿದೆ. ಕ್ರಿಯೆಯ ಸಿದ್ಧಿಯಲ್ಲಿ ಸ್ವತಂತ್ರವಾಗಿರುವುದು ಕರ್ತೃ ಎಂಬುದು ಅಲ್ಲಿನ ನಿರ್ವಚನದ ತಾತ್ಪರ್ಯ. ಕಾರಕವೆಂಬುದು ಕ್ರಿಯೆಯೊಡನೆ ನಾಮಪದಕ್ಕಿರುವ ಸಂಬಂಧ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ 1604ರ ಭಟ್ಟಾಕಳಂಕನ ಕರ್ನಾಟಕ ಶಬ್ದಾನುಶಾಸನದವರೆಗೆ ಕನ್ನಡ ವ್ಯಾಕರಣ ಪರಂಪರೆಯು ಈ ಚೌಕಟ್ಟಿಗೆ ಋಣಿಯಾಗಿದೆ.

ಇಂಗ್ಲಿಷಿನ ಸಬ್ಜೆಕ್ಟ್ ಸ್ಥಾನದಲ್ಲಿ ಈ ಆರರಲ್ಲಿ ಯಾವುದು ಬರಬಹುದೆಂದು ಪರಿಶೀಲಿಸಿದರೆ ದೊರೆಯುವ ಉತ್ತರ ಕುತೂಹಲಕಾರಿಯಾಗಿದೆ:

(5) ದಿ ಹಂಟರ್ ಕಿಲ್ಡ್ ದಿ ಟೈಗರ್. (ಬೇಟೆಗಾರನು ಹುಲಿಯನ್ನು ಕೊಂದನು: ಕರ್ತೃ)
(6) ದಿ ಟೈಗರ್ ವಾಸ್ ಕಿಲ್ಡ್. (ಹುಲಿಯನ್ನು ಕೊಲ್ಲಲಾಯಿತು: ಕರ್ಮ)
(7) ಎ ಸ್ಟೋನ್ ಬ್ರೋಕ್ ದಿ ವಿಂಡೋ. (ಕಲ್ಲಿನಿಂದ ಕಿಟಕಿ ಒಡೆಯಿತು: ಕರಣ)
(8) ಶೀ ರಿಸೀವ್ಡ್ ಎ ಲೆಟರ್. (ಅವಳಿಗೆ ಪತ್ರ ಬಂದಿತು: ಸಂಪ್ರದಾನ)
(9) ದಿ ವೂಂಡ್ ಬ್ಲೆಡ್. (ಗಾಯದಿಂದ ರಕ್ತ ಸುರಿಯಿತು: ಅಪಾದಾನ)
(10) ದಿ ಹಾಲ್ ಸೀಟ್ಸ್ ಫೈವ್ ಹಂಡ್ರೆಡ್. (ಸಭಾಂಗಣದಲ್ಲಿ ಐನೂರು ಜನ ಕುಳಿತುಕೊಳ್ಳಬಹುದು: ಅಧಿಕರಣ)

ಕನ್ನಡದ ಸಹಜ ನಿರೂಪಣೆಯಲ್ಲಿ ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥೀ, ಪಂಚಮೀ, ಸಪ್ತಮೀ ಎಂದು ಹಂಚಿಹೋಗುವ ಸಂಬಂಧಗಳನ್ನು ಇಂಗ್ಲಿಷ್ ಒಂದೇ ಸ್ಥಾನದಲ್ಲಿ ಕೂರಿಸುತ್ತದೆ. ಈ ಆರೂ ಪದಗಳನ್ನು ‘ಕರ್ತೃಪದ’ವೆಂದು ಕರೆದಾಗ ಕಾರಕದ ಅರ್ಥವೇ ಲೋಪವಾಗುತ್ತದೆ; ಕರೆಯದಿದ್ದಾಗ ಸಬ್ಜೆಕ್ಟನ್ನು ಗುರುತಿಸುವ ಬಗೆಯೇ ತಿಳಿಯದಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಕಾರಕಗಳು ಲೋಕದ ವಸ್ತುಸ್ಥಿತಿಯನ್ನಲ್ಲ, ವಕ್ತೃವಿನ ವಿವಕ್ಷೆಯನ್ನು ಅನುಸರಿಸುತ್ತವೆ ಎಂಬುದು ಸಂಸ್ಕೃತ ವೈಯಾಕರಣರ ನಿಲುವು. ಅಡುಗೆಯ ಪಾತ್ರೆಯೇ ಬೇಯಿಸುತ್ತದೆ, ಕತ್ತಿಯೇ ಕಡಿಯುತ್ತದೆ ಎಂಬಂಥ ಪ್ರಯೋಗಗಳು ಪತಂಜಲಿಯ ಮಹಾಭಾಷ್ಯದಲ್ಲಿ ಚರ್ಚೆಗೆ ಬಂದಿವೆ. ಅದರಂತೆ (7)ರ ಕಲ್ಲನ್ನೂ (10)ರ ಸಭಾಂಗಣವನ್ನೂ ಕರ್ತೃವೆಂದೇ ವಿವಕ್ಷಿಸಲು ಅಡ್ಡಿಯಿಲ್ಲ. ಆದರೆ ಈ ಸಮಾಧಾನವು (6)ರಂಥ ಕರ್ಮಣಿ ವಾಕ್ಯಗಳಿಗೆ ಅನ್ವಯಿಸದು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬಲ್ಲಿ ತೃತೀಯಾ ವಿಭಕ್ತಿಯಲ್ಲಿದ್ದರೂ ರಾಮನೇ ಕರ್ತೃ, ಪ್ರಥಮಾ ವಿಭಕ್ತಿಯಲ್ಲಿದ್ದರೂ ರಾವಣನು ಕರ್ಮವೇ ಎಂದು ಪರಂಪರೆ ಖಚಿತವಾಗಿ ಹೇಳುತ್ತದೆ. ಸಂವಾದಿಯಾದ ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಸಬ್ಜೆಕ್ಟ್ ರಾವಣನೇ. ಒಂದೇ ತರಗತಿಯ ಕನ್ನಡ ಪಾಠದಲ್ಲಿ ರಾಮನನ್ನೂ ಇಂಗ್ಲಿಷ್ ಪಾಠದಲ್ಲಿ ರಾವಣನನ್ನೂ ‘ಕರ್ತೃ’ವೆಂದು ಕಲಿಯಬೇಕಾದ ವಿದ್ಯಾರ್ಥಿಗೆ ಗೊಂದಲವಾಗದಿದ್ದರೆ ಆಶ್ಚರ್ಯಪಡಬೇಕು.

ಸಬ್ಜೆಕ್ಟ್ ಎಂಬುದಕ್ಕೆ ಹತ್ತಿರವಾದ ಪರಿಕಲ್ಪನೆಯೊಂದು ಪಾಣಿನಿಯ ವ್ಯವಸ್ಥೆಯಲ್ಲಿ ಇಲ್ಲದಿಲ್ಲ. ಕ್ರಿಯಾಪದದ ಪ್ರತ್ಯಯವು ಯಾವ ಕಾರಕವನ್ನು ತಾನೇ ಹೇಳಿಬಿಡುತ್ತದೆಯೋ ಅದು ‘ಅಭಿಹಿತ’. ಅದಕ್ಕೆ ಪ್ರಥಮಾ ವಿಭಕ್ತಿ. ಕರ್ತರಿಯಲ್ಲಿ ಕರ್ತೃ ಅಭಿಹಿತ, ಕರ್ಮಣಿಯಲ್ಲಿ ಕರ್ಮ ಅಭಿಹಿತ. ಕ್ರಿಯಾಪದದೊಡನೆ ಪುರುಷ, ವಚನಗಳಲ್ಲಿ ಹೊಂದಿಕೊಳ್ಳುವ ಪದವೇ ಇದಾಗಿರುವುದರಿಂದ ಸಬ್ಜೆಕ್ಟಿನೊಡನೆ ಹೋಲಿಸಲು ಕರ್ತೃವಿಗಿಂತ ಅಭಿಹಿತವೇ ತಕ್ಕುದು.

4. ಸಬ್ಜೆಕ್ಟ್ ನಿರ್ಣಯದ ಒರೆಗಲ್ಲುಗಳು

ಭಾರತದ ಶಾಲೆಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಕ್ರಿಯಾಪದದ ಹಿಂದೆ ‘ಹೂ’ ಅಥವಾ ‘ವಾಟ್’ ಎಂಬ ಪ್ರಶ್ನೆಯನ್ನು ಇರಿಸಿ ಸಬ್ಜೆಕ್ಟನ್ನು ಕಂಡುಕೊಳ್ಳುವ ವಿಧಾನವನ್ನು ಸೂಚಿಸುತ್ತದೆ. ಇಂಗ್ಲಿಷ್ ವಾಕ್ಯವನ್ನು ಹಾಗೆಯೇ ಇಟ್ಟುಕೊಂಡು ಪ್ರಶ್ನಿಸಿದರೆ ಈ ವಿಧಾನ ಫಲಕಾರಿ. ‘ವಾಟ್ ವಾಸ್ ಕಿಲ್ಡ್?’ ಎಂಬ ಪ್ರಶ್ನೆಗೆ ‘ದಿ ಟೈಗರ್’ ಎಂಬುದೇ ಉತ್ತರ. ಆದರೆ ಕನ್ನಡ ಮಾಧ್ಯಮದ ತರಗತಿಯಲ್ಲಿ ಅದು ‘ಕೊಂದವರು ಯಾರು?’ ಎಂದು ಅನುವಾದಗೊಳ್ಳುವ ಸಂಭವ ಹೆಚ್ಚು. ಆಗ ಪ್ರಶ್ನೆಯು ರಚನೆಯನ್ನು ಬಿಟ್ಟು ಕಾರಕದ ಕಡೆಗೆ ಹೊರಳುತ್ತದೆ. ಉತ್ತರವಾಗಿ ಬೇಟೆಗಾರ ಬರುತ್ತಾನೆ. ಆದ್ದರಿಂದ ಅರ್ಥವನ್ನು ಅವಲಂಬಿಸದ ಒರೆಗಲ್ಲುಗಳು ಅಗತ್ಯ. ಅವುಗಳಲ್ಲಿ ನಾಲ್ಕು ಮುಖ್ಯವಾದವು.

ಮೊದಲನೆಯದು ಹೊಂದಾಣಿಕೆ. ವರ್ತಮಾನಕಾಲದಲ್ಲಿ ಕ್ರಿಯಾಪದವು ಸಬ್ಜೆಕ್ಟಿನ ವಚನವನ್ನು ಅನುಸರಿಸುತ್ತದೆ: ‘ದಿ ಬಾಯ್ ಸೀಸ್ ದಿ ಕೌಸ್’, ‘ದಿ ಬಾಯ್ಸ್ ಸೀ ದಿ ಕೌ’. ಭೂತಕಾಲದ ವಾಕ್ಯವನ್ನು ವರ್ತಮಾನಕ್ಕೆ ತಿರುಗಿಸಿ, ಸಂದೇಹವಿರುವ ಪದದ ವಚನವನ್ನು ಬದಲಿಸಿ ನೋಡುವುದು ಉಪಯುಕ್ತ. ಎರಡನೆಯದು ಸರ್ವನಾಮದ ಆದೇಶ. ನಾಮಪದಗಳು ಕಳೆದುಕೊಂಡ ರೂಪಭೇದವನ್ನು ಸರ್ವನಾಮಗಳು ಉಳಿಸಿಕೊಂಡಿವೆ; ಸಬ್ಜೆಕ್ಟಿನ ಸ್ಥಾನದಲ್ಲಿ ಹೀ, ಶೀ, ದೇ; ಆಬ್ಜೆಕ್ಟಿನ ಸ್ಥಾನದಲ್ಲಿ ಹಿಮ್, ಹರ್, ದೆಮ್. ಮೂರನೆಯದು ಪ್ರಶ್ನಾರ್ಥಕದಲ್ಲಿ ಸ್ಥಾನಪಲ್ಲಟ. ‘ದಿ ಬಾಯ್ ಹ್ಯಾಸ್ ಸೀನ್ ದಿ ಕೌ’ ಎಂಬುದು ಪ್ರಶ್ನೆಯಾದಾಗ ಸಹಾಯಕ ಕ್ರಿಯಾಪದವು ಸಬ್ಜೆಕ್ಟನ್ನು ದಾಟಿ ಮುಂದೆ ಬರುತ್ತದೆ: ‘ಹ್ಯಾಸ್ ದಿ ಬಾಯ್ ಸೀನ್ ದಿ ಕೌ?’ ನಾಲ್ಕನೆಯದು ಬಾಲಪ್ರಶ್ನೆ. ವಾಕ್ಯದ ಕೊನೆಗೆ ಸೇರಿಸುವ ‘ಹ್ಯಾಸಂಟ್ ಹೀ?’ ಎಂಬಲ್ಲಿನ ಸರ್ವನಾಮವು ಸಬ್ಜೆಕ್ಟನ್ನೇ ನಿರ್ದೇಶಿಸುತ್ತದೆ.

ಕ್ರಿಯಾಪದದ ಹಿಂದೆ ಬರುವುದೇ ಸಬ್ಜೆಕ್ಟ್ ಎಂಬ ಸ್ಥೂಲ ನಿಯಮಕ್ಕಿಂತ ಇವು ಏಕೆ ಹೆಚ್ಚು ವಿಶ್ವಾಸಾರ್ಹವೆಂಬುದಕ್ಕೆ ಕೆಳಗಿನವು ನಿದರ್ಶನ:

(11) ದಿಸ್ ಬುಕ್ ಐ ಹ್ಯಾವ್ ರೆಡ್.
(12) ಇನ್ ದಿ ಗಾರ್ಡನ್ ಸ್ಟ್ಯಾಂಡ್ಸ್ ಎ ಟೆಂಪಲ್.

(11)ರಲ್ಲಿ ವಾಕ್ಯಾರಂಭದ ‘ದಿಸ್ ಬುಕ್’ ಆಬ್ಜೆಕ್ಟ್. ಒತ್ತಿಗಾಗಿ ಮುಂದೆ ಬಂದಿದೆ. (12)ರಲ್ಲಿ ಸಬ್ಜೆಕ್ಟ್ ಕ್ರಿಯಾಪದದ ಅನಂತರ ಬಂದಿದೆ. ‘ಎ ಟೆಂಪಲ್’ ಎಂಬುದನ್ನು ‘ಟೂ ಟೆಂಪಲ್ಸ್’ ಎಂದು ಬದಲಿಸಿದೊಡನೆ ‘ಸ್ಟ್ಯಾಂಡ್ಸ್’ ಎಂಬುದು ‘ಸ್ಟ್ಯಾಂಡ್’ ಆಗುವುದೇ ಇದಕ್ಕೆ ಪ್ರಮಾಣ.

ಅರ್ಥವು ಸಂಪೂರ್ಣವಾಗಿ ಕೈಬಿಡುವ ವಾಕ್ಯಗಳೂ ಇವೆ. ‘ಇಟ್ ಈಸ್ ರೇನಿಂಗ್’ ಎಂಬಲ್ಲಿ ‘ಇಟ್’ ಯಾವ ವಸ್ತುವನ್ನೂ ಸೂಚಿಸುವುದಿಲ್ಲ. ಅದಕ್ಕೆ ಕಾರಕತ್ವವೇ ಇಲ್ಲ. ಆದರೂ ‘ಈಸ್ ಇಟ್ ರೇನಿಂಗ್?’ ಎಂದಾಗ ಅದು ಸಬ್ಜೆಕ್ಟಿನಂತೆಯೇ ವರ್ತಿಸುತ್ತದೆ. ಇಂಗ್ಲಿಷಿನ ಹೇಳಿಕೆಯ ವಾಕ್ಯದಲ್ಲಿ ಈ ಸ್ಥಾನವನ್ನು ಸಾಮಾನ್ಯವಾಗಿ ತೆರವಾಗಿಡಲು ಬರುವುದಿಲ್ಲ. ತುಂಬಲು ಅರ್ಥವುಳ್ಳ ಪದವಿಲ್ಲದಾಗ ಅರ್ಥವಿಲ್ಲದ ಪದವಾದರೂ ಬರಬೇಕು. ‘ದೇರ್ ಆರ್ ಟೂ ಸ್ನೇಕ್ಸ್ ಇನ್ ದಿ ಗಾರ್ಡನ್’ ಎಂಬ ವಾಕ್ಯವಂತೂ ಒರೆಗಲ್ಲುಗಳ ನಡುವೆಯೇ ಭಿನ್ನಮತವನ್ನು ಹುಟ್ಟಿಸುತ್ತದೆ. ಹೊಂದಾಣಿಕೆಯು ‘ಟೂ ಸ್ನೇಕ್ಸ್’ ಕಡೆಗಿದೆ. ಸ್ಥಾನಪಲ್ಲಟ ಮತ್ತು ಬಾಲಪ್ರಶ್ನೆಗಳು ‘ದೇರ್’ ಕಡೆಗಿವೆ. ಹಡ್ಲ್‌ಸ್ಟನ್ ಮತ್ತು ಪುಲಮ್ ‘ದೇರ್’ ಎಂಬುದನ್ನೇ ಸಬ್ಜೆಕ್ಟ್ ಎಂದು ಪರಿಗಣಿಸುತ್ತಾರೆ. ಪದಕಾರ್ಯವೆಂಬುದು ಒಂದೇ ಲಕ್ಷಣದಿಂದ ಸಿದ್ಧಿಸುವುದಲ್ಲ, ಹಲವು ಲಕ್ಷಣಗಳ ಸಮೂಹ ಎಂಬ ಮಾತಿಗೆ ಈ ವಾಕ್ಯ ಉತ್ತಮ ನಿದರ್ಶನ. 1976ರಲ್ಲಿ ಎಡ್ವರ್ಡ್ ಕೀನನ್ ಅವರು ಸಬ್ಜೆಕ್ಟಿನ ಸಾರ್ವತ್ರಿಕ ನಿರ್ವಚನವನ್ನು ಕುರಿತು ಬರೆದ ಪ್ರಸಿದ್ಧ ಲೇಖನವೂ ಲಕ್ಷಣಗಳ ಪಟ್ಟಿಯ ಮೂಲಕವೇ ಮುಂದುವರಿಯುತ್ತದೆ.

5. ಕ್ರಿಯಾಪದದ ಅನಂತರದ ಪದಪುಂಜಗಳು

ಕ್ರಿಯಾಪದದ ಅನಂತರ ಬರುವ ನಾಮಪದವೆಲ್ಲ ಆಬ್ಜೆಕ್ಟ್ ಅಲ್ಲ. ‘ರವಿ ಮೆಟ್ ಎ ಡಾಕ್ಟರ್’ ಮತ್ತು ‘ರವಿ ಬಿಕೇಮ್ ಎ ಡಾಕ್ಟರ್’ ಎಂಬ ವಾಕ್ಯಗಳ ಬಾಹ್ಯರೂಪ ಒಂದೇ. ಮೊದಲನೆಯದು ಕರ್ಮಣಿಗೆ ತಿರುಗುತ್ತದೆ, ಎರಡನೆಯದು ತಿರುಗುವುದಿಲ್ಲ. ಮೊದಲನೆಯದರಲ್ಲಿ ಇಬ್ಬರು ವ್ಯಕ್ತಿಗಳಿದ್ದಾರೆ, ಎರಡನೆಯದರಲ್ಲಿ ಒಬ್ಬನೇ. ಎರಡನೆಯ ವಾಕ್ಯದ ‘ಎ ಡಾಕ್ಟರ್’ ಸಬ್ಜೆಕ್ಟಿನ ಪೂರಕ. ಕನ್ನಡದಲ್ಲಿ ‘ವೈದ್ಯನನ್ನು ಭೇಟಿಯಾದನು’, ‘ವೈದ್ಯನಾದನು’ ಎಂಬ ರೂಪಗಳೇ ಈ ಭೇದವನ್ನು ಸಾರುತ್ತವೆ.

ಎರಡು ನಾಮಪದಪುಂಜಗಳು ಒಂದರ ಬೆನ್ನಿಗೆ ಒಂದು ಬಂದಾಗ ನಿರ್ಣಯ ಇನ್ನಷ್ಟು ಸೂಕ್ಷ್ಮವಾಗುತ್ತದೆ:

(13) ಶೀ ಮೇಡ್ ಹಿಮ್ ಎ ಕೇಕ್.
(14) ಶೀ ಮೇಡ್ ಹಿಮ್ ಎ ಲೀಡರ್.

‘ಅವಳು ಅವನಿಗೆ ಕೇಕ್ ಮಾಡಿಕೊಟ್ಟಳು’ ಎಂಬುದು ಮೊದಲನೆಯದರ ಅರ್ಥ. ‘ಅವನನ್ನು ನಾಯಕನನ್ನಾಗಿ ಮಾಡಿದಳು’ ಎಂಬುದು ಎರಡನೆಯದರದು. (13)ರಲ್ಲಿ ‘ಹಿಮ್’ ಪರೋಕ್ಷ ಆಬ್ಜೆಕ್ಟ್, ‘ಎ ಕೇಕ್’ ನೇರ ಆಬ್ಜೆಕ್ಟ್. (14)ರಲ್ಲಿ ‘ಹಿಮ್’ ನೇರ ಆಬ್ಜೆಕ್ಟ್, ‘ಎ ಲೀಡರ್’ ಅದರ ಪೂರಕ. (13)ನ್ನು ‘ಎ ಕೇಕ್ ಫಾರ್ ಹಿಮ್’ ಎಂದು ಬದಲಿಸಬಹುದು. (14)ನ್ನು ಅರ್ಥ ಕೆಡದಂತೆ ಹಾಗೆ ಬದಲಿಸಲಾಗದು. ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ಬೃಹತ್ ವ್ಯಾಕರಣದಲ್ಲಿ ಇಂಗ್ಲಿಷ್ ಉಪವಾಕ್ಯಗಳನ್ನು ಏಳು ಮಾದರಿಗಳಾಗಿ ವರ್ಗೀಕರಿಸಿದ್ದಾರೆ. ಮೇಲಿನ ಎರಡೂ ಅವುಗಳಲ್ಲಿ ಭಿನ್ನ ಮಾದರಿಗಳಿಗೆ ಸೇರುತ್ತವೆ. ಇಂಗ್ಲಿಷಿನಲ್ಲಿ ಮರೆಯಾಗಿರುವ ಭೇದವನ್ನು ಕನ್ನಡದ ‘-ಇಗೆ’, ‘-ಅನ್ನು’, ‘-ಆಗಿ’ ಎಂಬ ರೂಪಗಳು ಬೆಳಕಿಗೆ ತರುತ್ತವೆ. ಅಂದರೆ ಅನುವಾದವನ್ನು ಒಂದು ಉಪಕರಣವಾಗಿ ಬಳಸಲು ಅವಕಾಶವಿದೆ.

ಆದರೆ ಈ ಉಪಕರಣಕ್ಕೆ ಮಿತಿಯಿದೆ. ‘ದಿ ಟೀಚರ್ ಗೇವ್ ದಿ ಗರ್ಲ್ ಎ ಬುಕ್’, ‘ದಿ ಟೀಚರ್ ಗೇವ್ ಎ ಬುಕ್ ಟು ದಿ ಗರ್ಲ್’, ‘ದಿ ಗರ್ಲ್ ವಾಸ್ ಗಿವನ್ ಎ ಬುಕ್’ ಎಂಬ ಮೂರು ವಾಕ್ಯಗಳಲ್ಲಿಯೂ ಕನ್ನಡದ ಕಣ್ಣಿಗೆ ಕಾಣುವುದು ‘ಹುಡುಗಿಗೆ’ ಎಂಬ ಒಂದೇ ಸಂಪ್ರದಾನ. ಇಂಗ್ಲಿಷ್ ರಚನೆಯ ದೃಷ್ಟಿಯಿಂದ ಅದು ಕ್ರಮವಾಗಿ ಪರೋಕ್ಷ ಆಬ್ಜೆಕ್ಟ್, ‘ಟು’ ಎಂಬ ಪ್ರಿಪೊಸಿಷನ್ನಿಗೆ ಅಧೀನವಾದ ಪುಂಜ, ಮತ್ತು ಸಬ್ಜೆಕ್ಟ್. ಅನುವಾದವು ಕಾರಕವನ್ನು ತೋರಿಸಬಲ್ಲದು, ಕಾರ್ಯವನ್ನು ತೋರಿಸಲಾರದು.

ಪ್ರಿಪೊಸಿಷನ್ ಪುಂಜಗಳ ವಿಷಯದಲ್ಲಿ ಕನ್ನಡವು ಬೇರೊಂದು ಬಗೆಯಲ್ಲಿ ನೆರವಾಗುತ್ತದೆ. ‘ದಿ ಪೊಲೀಸ್ ಚೇಸ್ಡ್ ದಿ ಥೀಫ್ ಆನ್ ಎ ಬೈಕ್’ ಎಂಬ ವಾಕ್ಯದಲ್ಲಿ ಬೈಕಿನಲ್ಲಿದ್ದವರು ಯಾರು ಎಂಬುದು ಸಂದಿಗ್ಧ. ‘ಆನ್ ಎ ಬೈಕ್’ ಕ್ರಿಯಾವಿಶೇಷಕವಾದರೆ ಪೊಲೀಸರು. ‘ಥೀಫ್’ ಎಂಬುದರ ವಿಶೇಷಕವಾದರೆ ಕಳ್ಳ. ‘ಬೈಕಿನಲ್ಲಿ ಬೆನ್ನಟ್ಟಿದರು’ ಎಂದೋ ‘ಬೈಕಿನಲ್ಲಿದ್ದ ಕಳ್ಳನನ್ನು ಬೆನ್ನಟ್ಟಿದರು’ ಎಂದೋ ಕನ್ನಡ ಅನುವಾದಕನು ಆಯ್ಕೆ ಮಾಡಲೇಬೇಕಾಗುತ್ತದೆ. ಕಾನೂನು, ಆಡಳಿತಗಳ ದಸ್ತಾವೇಜುಗಳನ್ನು ಕನ್ನಡಿಸುವಲ್ಲಿ ಇಂಥ ಆಯ್ಕೆಯ ಪರಿಣಾಮ ಸಣ್ಣದಲ್ಲ.

6. ಚತುರ್ಥಿಯ ಪ್ರಶ್ನೆ

ಇಂಗ್ಲಿಷಿನ ಪದಕಾರ್ಯಗಳ ಅರಿವು ಮರಳಿ ಕನ್ನಡದ ಮುಂದೆಯೂ ಒಂದು ಪ್ರಶ್ನೆಯನ್ನಿಡುತ್ತದೆ. ‘ಹೀ ನೋಸ್ ಇಂಗ್ಲಿಷ್’ ಎಂಬಲ್ಲಿ ‘ಹೀ’ ನಿಸ್ಸಂದೇಹವಾಗಿ ಸಬ್ಜೆಕ್ಟ್. ‘ಅವನಿಗೆ ಇಂಗ್ಲಿಷ್ ಗೊತ್ತಿದೆ’ ಎಂಬಲ್ಲಿ ‘ಅವನಿಗೆ’ ಎಂಬುದರ ಕಾರ್ಯವೇನು? ‘ಅವನಿಗೆ ತನ್ನ ಊರು ನೆನಪಾಯಿತು’ ಎಂಬ ವಾಕ್ಯದಲ್ಲಿ ಕ್ರಿಯಾಪದವು ‘ಊರು’ ಎಂಬುದರೊಡನೆ ಹೊಂದುತ್ತದೆ. ‘ತನ್ನ’ ಎಂಬ ಆತ್ಮಾರ್ಥಕವು ‘ಅವನಿಗೆ’ ಎಂಬುದನ್ನು ನಿರ್ದೇಶಿಸುತ್ತದೆ. ಸಬ್ಜೆಕ್ಟಿನ ಲಕ್ಷಣಗಳು ಇಲ್ಲಿ ಎರಡು ಪದಗಳಲ್ಲಿ ಹಂಚಿಹೋಗಿವೆ. ಎಸ್.ಎನ್. ಶ್ರೀಧರ್ ಅವರು 1979ರಲ್ಲಿ ಕನ್ನಡದ ಚತುರ್ಥೀ ಸಬ್ಜೆಕ್ಟಿನ ಈ ಸಮಸ್ಯೆಯನ್ನು ವಿವೇಚಿಸಿದ್ದಾರೆ. ಡಿ.ಎನ್. ಶಂಕರ ಭಟ್ ಅವರು 1991ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಸಬ್ಜೆಕ್ಟಿನಂಥ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಅಗತ್ಯವೆಂಬ ನಂಬಿಕೆಯನ್ನೇ ಪ್ರಶ್ನಿಸಿದ್ದಾರೆ. ಇಂಗ್ಲಿಷ್ ಪದಕ್ರಮವು ಅರ್ಥಸಂಬಂಧವನ್ನೂ ಮಾಹಿತಿಯ ಪ್ರಾಧಾನ್ಯವನ್ನೂ ಒಂದೇ ಸ್ಥಾನದಲ್ಲಿ ಬೆಸೆಯುತ್ತದೆ. ಕನ್ನಡವು ಮೊದಲನೆಯದನ್ನು ವಿಭಕ್ತಿಗಳಿಂದಲೂ ಎರಡನೆಯದನ್ನು ಪದಕ್ರಮದಿಂದಲೂ ಬೇರೆಬೇರೆಯಾಗಿ ಸೂಚಿಸುತ್ತದೆ ಎಂಬುದು ಅವರ ವಾದದ ತಿರುಳು. ‘ಬೇಟೆಗಾರನನ್ನು ಹುಲಿ ಕೊಂದಿತು’ ಎಂದು ಪದಗಳನ್ನು ಅದಲುಬದಲು ಮಾಡಿದರೂ ಕೊಂದದ್ದು ಹುಲಿಯಾಗಿಯೇ ಉಳಿಯುವುದು ಈ ವಾದಕ್ಕೆ ಪೋಷಕ. ‘ಹುಡುಗ ಪುಸ್ತಕ ಓದಿದ’ ಎಂಬಂತೆ ಪ್ರತ್ಯಯ ಲೋಪವಾದ ವಾಕ್ಯಗಳಲ್ಲಿ ಕನ್ನಡವೂ ಹೊಂದಾಣಿಕೆಯನ್ನೂ ಸಂದರ್ಭವನ್ನೂ ಆಶ್ರಯಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇಂಗ್ಲಿಷ್ ಮೊದಲಿನಿಂದಲೂ ಸ್ಥಾನಪ್ರಧಾನ ಭಾಷೆಯಾಗಿರಲಿಲ್ಲ ಎಂಬ ಸಂಗತಿಯೂ ಇಲ್ಲಿ ಪ್ರಸ್ತುತ. ಹಳೆಯ ಇಂಗ್ಲಿಷಿನ ನಾಮಪದಗಳು ವಿಭಕ್ತಿರೂಪಗಳನ್ನು ಪಡೆಯುತ್ತಿದ್ದವು. ಪದಕ್ರಮ ಇಂದಿಗಿಂತ ಸಡಿಲವಾಗಿತ್ತು. ಅನುಭವವನ್ನು ಸೂಚಿಸುವ ಕೆಲವು ಕ್ರಿಯಾಪದಗಳೊಡನೆ ಅನುಭವಿಸುವವನು ಚತುರ್ಥಿಯಲ್ಲಿ ಬರುತ್ತಿದ್ದನು. ಷೇಕ್ಸ್‌ಪಿಯರನ ಕಾಲದವರೆಗೂ ಬಳಕೆಯಲ್ಲಿದ್ದ ‘ಮೀಥಿಂಕ್ಸ್’ ಎಂಬ ರೂಪ ಅದರ ಪಳೆಯುಳಿಕೆ. ‘ನನಗೆ ತೋರುತ್ತದೆ’ ಎಂಬುದು ಅದರ ನೇರ ಕನ್ನಡ. ‘ಲೈಕ್’ ಎಂಬ ಕ್ರಿಯಾಪದವೂ ಮೂಲದಲ್ಲಿ ‘ಹಿಡಿಸು’ ಎಂಬಂತೆ ಚತುರ್ಥಿಯನ್ನು ಬಯಸುತ್ತಿತ್ತು. ವಿಭಕ್ತಿಗಳು ಸವೆದಂತೆ, ಕ್ರಿಯಾಪದದ ಹಿಂದಿನ ಸ್ಥಾನವು ಬಲಗೊಂಡಂತೆ, ಈ ಚತುರ್ಥಿಯು ಸಬ್ಜೆಕ್ಟಾಗಿ ಮಾರ್ಪಟ್ಟಿತು.

7. ಸಮಾರೋಪ

ಇಂಗ್ಲಿಷ್ ವಾಕ್ಯದಲ್ಲಿನ ಯಾವುದೇ ಪದಪುಂಜವನ್ನು ಕುರಿತು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಅದು ಯಾವ ವರ್ಗಕ್ಕೆ ಸೇರಿದೆ, ಕ್ರಿಯೆಯೊಡನೆ ಅದರ ಕಾರಕಸಂಬಂಧವೇನು, ವಾಕ್ಯರಚನೆಯಲ್ಲಿ ಅದರ ಕಾರ್ಯವೇನು. ಮೊದಲನೆಯದಕ್ಕೆ ಪದದ ರೂಪ ಮತ್ತು ವರ್ತನೆ, ಎರಡನೆಯದಕ್ಕೆ ಅರ್ಥ ಹಾಗೂ ಕನ್ನಡ ಅನುವಾದ, ಮೂರನೆಯದಕ್ಕೆ ಹೊಂದಾಣಿಕೆ, ಸರ್ವನಾಮ, ಸ್ಥಾನಪಲ್ಲಟ, ಕರ್ಮಣಿ ಪ್ರಯೋಗದಂಥ ಒರೆಗಲ್ಲುಗಳು ಉತ್ತರ ನೀಡುತ್ತವೆ. ಇದರಿಂದ ಕಾರಕಸಿದ್ಧಾಂತದ ಮಹತ್ವವೇನೂ ಕುಗ್ಗುವುದಿಲ್ಲ. ತನ್ನದಲ್ಲದ ಕೆಲಸದಿಂದ ಅದು ಬಿಡುಗಡೆ ಹೊಂದುತ್ತದೆ. ಕನ್ನಡ ಮತ್ತು ಇಂಗ್ಲಿಷ್ ವ್ಯಾಕರಣಗಳನ್ನು ಜೊತೆಜೊತೆಯಾಗಿ ಬೋಧಿಸಬೇಕಾದ ತರಗತಿಗಳಲ್ಲಿ ‘ಕರ್ತೃ’ ಎಂಬ ಪದವನ್ನು ಕಾರಕಕ್ಕೆ ಮೀಸಲಿಟ್ಟು, ಸಬ್ಜೆಕ್ಟಿಗೆ ಬೇರೆಯೇ ಹೆಸರನ್ನು ಬಳಸುವುದು ಕೈಗೊಳ್ಳಬಹುದಾದ ಮೊದಲ ಕ್ರಮ. ಆ ಹೆಸರು ‘ಉದ್ದೇಶ್ಯ’ವೋ ‘ಅಭಿಹಿತ’ವೋ ಅಥವಾ ‘ಸಬ್ಜೆಕ್ಟ್’ ಎಂಬ ಎರವಲು ಪದವೋ ಎಂಬುದನ್ನು ವಿದ್ವಾಂಸರು ಚರ್ಚಿಸಿ ನಿರ್ಧರಿಸಬಹುದು. ಎರಡು ಪರಿಕಲ್ಪನೆಗಳಿಗೆ ಒಂದೇ ಹೆಸರಿರಬಾರದು ಎಂಬುದು ಮುಖ್ಯ.